ತೂಕ ಇಳಿಯಿತು, ಕುಡಿತ ಇಳಿಯಲಿಲ್ಲ



ಮೂರು ವರ್ಷದ ಹಿಂದೆ ನಮ್ಮ ಶಿವಾನುಭವ ಗೋಷ್ಠಿಯಲ್ಲಿ ಒಬ್ಬ ಶರಣರನ್ನು ನಾನೇ ವೇದಿಕೆಗೆ ಕರೆದು ಶಾಲು ಹೊದಿಸಿದ್ದೆ. 130 ಕಿಲೊ ಇದ್ದವರು ಗ್ಯಾಸ್ಟ್ರಿಕ್ ಬೈಪಾಸ್ ಮಾಡಿಸಿಕೊಂಡು 85ಕ್ಕೆ ಇಳಿದಿದ್ದರು. ಸಕ್ಕರೆ ಕಾಯಿಲೆಯ ಮಾತ್ರೆ ಕಡಿಮೆಯಾಗಿತ್ತು, ಮಂಡಿನೋವು ಹೋಗಿತ್ತು. ಕಳೆದ ತಿಂಗಳು ಅವರ ಪತ್ನಿ ದಾಸೋಹದ ಮನೆಯ ಹಿಂದೆ ನನ್ನನ್ನು ನಿಲ್ಲಿಸಿಕೊಂಡು ಅತ್ತರು.

"ಅಣ್ಣಾರ, ಮೊದಲ ವಾರಕ್ಕ ಒಂದ್ಸಲ ಎರಡು ಪೆಗ್ ತಗೋತಿದ್ರು. ಆಪರೇಶನ್ ಆದ ಮ್ಯಾಲೆ ಒಂದಕ್ಕ ತೂರಾಡಾಕ ಹತ್ತಿದ್ರು. ಈಗ ದಿನಾ ಬೇಕು. ಕಣ್ಣು ಹಳದಿ ಆಗ್ಯಾವ, ಹೊಟ್ಟಿಯೊಳಗ ನೀರು ತುಂಬೇತಿ."

ಶಾಲು ಹೊದಿಸಿದ ದಿನ ನಾನು ತೂಕವನ್ನಷ್ಟೇ ಕೇಳಿದ್ದೆ.

ಈ ಶಸ್ತ್ರಚಿಕಿತ್ಸೆಯನ್ನು ನಾನು ಹಳಿಯುತ್ತಿಲ್ಲ. ಅದರಿಂದ ಜೀವ ಉಳಿದವರಿದ್ದಾರೆ. ಆದರೆ ಅದು ದೇಹದೊಳಗೆ ಏನು ಬದಲಿಸುತ್ತದೆ ಎಂಬುದು ಮನೆಯವರಿಗೆ ಗೊತ್ತಿರಬೇಕು. ಬೈಪಾಸ್‌ನಲ್ಲಿ ಜಠರದ ಮೇಲ್ಭಾಗವನ್ನು ಪುಟ್ಟ ಚೀಲವಾಗಿ ಮಾಡಿ ನೇರವಾಗಿ ಸಣ್ಣಕರುಳಿಗೆ ಜೋಡಿಸುತ್ತಾರೆ. ಕುಡಿದದ್ದು ಜಠರದಲ್ಲಿ ತಂಗದೆ ಕರುಳಿಗಿಳಿದು ಕೆಲವೇ ನಿಮಿಷಗಳಲ್ಲಿ ರಕ್ತ ಸೇರುತ್ತದೆ. ಅದೇ ಒಂದು ಪೆಗ್ಗಿಗೆ ರಕ್ತದಲ್ಲಿ ಮದ್ಯದ ಮಟ್ಟ ಮೊದಲಿಗಿಂತ ಮೇಲೇರುತ್ತದೆ. ಜಠರವನ್ನು ಕೊಳವೆಯಂತೆ ಕಿರಿದಾಗಿಸುವ ಸ್ಲೀವ್ ಮಾಡಿಸಿಕೊಂಡವರಿಗೂ ಈ ಎಚ್ಚರ ಬೇಕು. ಅಮೆರಿಕದಲ್ಲಿ 2,000ದಷ್ಟು ಮಂದಿಯನ್ನು ಗಮನಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಶಸ್ತ್ರಚಿಕಿತ್ಸೆಗೆ ಮುನ್ನ ಕುಡಿತದ ತೊಂದರೆ ಇದ್ದವರು ಶೇ. 7.6, ಎರಡನೆಯ ವರ್ಷದಲ್ಲಿ ಶೇ. 9.6. ಮೊದಲ ವರ್ಷ ಏರಿಕೆಯೇ ಇರಲಿಲ್ಲ. ನಾವು ಶಾಲು ಹೊದಿಸುವುದು ಆ ಮೊದಲ ವರ್ಷದಲ್ಲೇ.

ಬೊಜ್ಜಿನವರ ಲಿವರಿನಲ್ಲಿ ಎಷ್ಟೋ ಸಲ ಮೊದಲೇ ಕೊಬ್ಬು ತುಂಬಿರುತ್ತದೆ. ತೂಕ ಇಳಿದರೆ ಅದು ಚೇತರಿಸಿಕೊಳ್ಳುತ್ತದೆ. ಕುಡಿತ ಆ ಚೇತರಿಕೆಯನ್ನು ಕೆಡಿಸುತ್ತದೆ. ಲಿವರ್ ಬಹುಕಾಲ ನೋವನ್ನೂ ತೋರಿಸುವುದಿಲ್ಲ. ಕಣ್ಣು ಹಳದಿಯಾದಾಗ ನಮ್ಮಲ್ಲಿ ಕಾಮಾಲೆಯೆಂದು ನಾಟಿ ಔಷಧ ಹುಡುಕಿಕೊಂಡು ಹೋಗುತ್ತಾರೆ. ಇವರ ಮನೆಯಲ್ಲೂ ಆರು ವಾರ ಹಾಗೆಯೇ ಕಳೆಯಿತು.

ಶಸ್ತ್ರಚಿಕಿತ್ಸೆಗೆ ಮೊದಲು ವೈದ್ಯರು "ಕುಡಿಯುತ್ತೀರಾ?" ಎಂದು ಕೇಳಿದ್ದರಂತೆ. ಪಕ್ಕದಲ್ಲಿ ತಂದೆ ಕೂತಿದ್ದರು, ಕೊರಳಲ್ಲಿ ಇಷ್ಟಲಿಂಗವಿತ್ತು. "ಇಲ್ಲ" ಎಂದರು. ಆ ಸುಳ್ಳಿನಲ್ಲಿ ನಮ್ಮ ಪಾಲೂ ಇದೆ. ಲಿಂಗವಂತರ ಮನೆಯಲ್ಲಿ ಕುಡಿತವಿಲ್ಲ ಎಂದು ವೇದಿಕೆಯಿಂದ ಹೇಳುತ್ತಾ ಬಂದೆವು. ಕುಡಿಯುವವನು ಬಾಯಿ ಬಿಡದಂತಾಯಿತು.

ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಮನೆಮನೆಗೆ ಹೋಗಿ ಜನರ ದುಶ್ಚಟಗಳನ್ನು ಭಿಕ್ಷೆಯಾಗಿ ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ 1 ನಮ್ಮ ರಾಜ್ಯದಲ್ಲಿ ವ್ಯಸನಮುಕ್ತ ದಿನ. ಆ ಜೋಳಿಗೆಯ ಮುಂದೆ ಯಾರೂ ಸುಳ್ಳು ಹೇಳಬೇಕಾಗಿರಲಿಲ್ಲ, ಏಕೆಂದರೆ ಅಪ್ಪಗಳು ಚಟವಿದ್ದವರ ಬಳಿಗೇ ಬಂದಿದ್ದರು. ಮಠಗಳಲ್ಲಿ ಈಗಲೂ ಪ್ರತಿಜ್ಞೆ ನಡೆಯುತ್ತದೆ. ಆದರೆ ಒಂದು ಮಾತು: ದಿನವೂ ಹೆಚ್ಚು ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಕೈನಡುಕ, ಭ್ರಮೆ, ಫಿಟ್ಸ್ ಬರಬಹುದು, ಪ್ರಾಣಕ್ಕೂ ಅಪಾಯವಾಗಬಹುದು. ಜೋಳಿಗೆಗೆ ಹಾಕಿದವರನ್ನು ಅಂದೇ ವೈದ್ಯರ ಬಳಿಗೂ ಕರೆದೊಯ್ಯುವ ವ್ಯವಸ್ಥೆ ಮಠದಲ್ಲಿರಲಿ. ತೂಕದ ಶಸ್ತ್ರಚಿಕಿತ್ಸೆಗೆ ಹೊರಟವರು ವೈದ್ಯರ ಮುಂದೆ ಒಬ್ಬರೇ ಕೂತು ನಿಜ ಹೇಳಲಿ, ತಂದೆತಾಯಿ ಹೊರಗಿರಲಿ. ಆಮೇಲೆಯೂ, ವಿಶೇಷವಾಗಿ ಎರಡನೆಯ ವರ್ಷದಿಂದ, ಮನೆಯವರು ಕೇಳುತ್ತಿರಲಿ.

ಮೊನ್ನೆ ಆಸ್ಪತ್ರೆಗೆ ಹೋಗಿದ್ದೆ. ಶರಣರು ಕುಡಿತ ಬಿಟ್ಟು 19 ದಿನವಾಗಿತ್ತು. ನಾನಿರುವಾಗಲೇ ನರ್ಸ್ ಬಂದು ತೂಕ ನೋಡಿ ಬರೆದುಕೊಂಡರು: 93. ಹೆಚ್ಚಿದ್ದರಲ್ಲಿ ಬಹುಪಾಲು ಹೊಟ್ಟೆಯ ನೀರು ಎಂದರು.