ಲಿಂಗ ಕಟ್ಟುವ ಒಡಲಿಗೆ ಕೊಂಕು ಮಾತೇಕೆ?



ಹರದನಹಳ್ಳಿಯ ಕಡೆಯ ಒಂದು ಮನೆಯಲ್ಲಿ ಈಚೆಗೆ ಸೀಮಂತ ನಡೆಯಿತು. ಏಳು ತಿಂಗಳು ತುಂಬಿದ ಸೊಸೆಗೆ ಹಸಿರು ಬಳೆ ತೊಡಿಸಿ, ಮಡಿಲು ತುಂಬಿ, ಆರತಿ ಎತ್ತುವ ಹೊತ್ತು. ಬಂದಿದ್ದ ಮುತ್ತೈದೆಯರಲ್ಲಿ ಒಬ್ಬರು, "ಏನವ್ವ, ಹೊಟ್ಟೇನೇ ಕಾಣಾಕಿಲ್ವಲ್ಲ, ಒಳಗೆ ಕೂಸು ಐತೋ ಇಲ್ವೋ?" ಎಂದರಂತೆ. ಇನ್ನೊಬ್ಬರು, "ಮುಖ ನೋಡು, ಹೆಂಗೆ ಕಪ್ಪಿಟ್ಟೈತೆ, ಇದು ಹೆಣ್ಣೇ ಸೈ" ಎಂದರಂತೆ. ಎಲ್ಲರೂ ನಕ್ಕರು. ಹುಡುಗಿ ತಲೆ ತಗ್ಗಿಸಿದಳು. ಊಟಕ್ಕೆ ಕುಳಿತಾಗ ಅವಳ ಎಲೆಯ ಮೇಲಿನ ಹೋಳಿಗೆ ಹಾಗೆಯೇ ಉಳಿಯಿತು. ಮರುದಿನದಿಂದ ಅವಳು ಮಧ್ಯಾಹ್ನದ ಊಟಕ್ಕೆ ಅಂಗನವಾಡಿಗೆ ಹೋಗುವುದನ್ನೂ ಬಿಟ್ಟಳು. ದಾರಿಯಲ್ಲಿ ಜಗಲಿಕಟ್ಟೆ ಇದೆ, ಅಲ್ಲಿ ಕೂತವರ ಕಣ್ಣಿದೆ, ಬಾಯಿದೆ.

ಆ ಮನೆಯ ಯಜಮಾನರು ಇದನ್ನು ನಮ್ಮಲ್ಲಿ ನಿವೇದಿಸಿ, "ಬುದ್ಧಿ, ಹೆಂಗಸರ ಮಾತು, ತಮ್ಮ ಮುಂದೆ ತರಬಾರದಿತ್ತು" ಎಂದು ಸಂಕೋಚಪಟ್ಟರು. ಗುರುಪೀಠದ ಮುಂದೆ ತರಬೇಕಾದ ಮಾತೇ ಇದು. ಏಕೆಂದರೆ ಗರ್ಭಿಣಿಯ ಒಡಲಿಗೂ ನಮ್ಮ ಧರ್ಮಕ್ಕೂ ಇರುವ ನಂಟು ಬಹು ಹತ್ತಿರದ್ದು.

ವೀರಶೈವರಲ್ಲಿ ಶಿಶು ತಾಯಿಯ ಗರ್ಭದಲ್ಲಿರುವಾಗಲೇ, ಎಂಟನೆಯ ತಿಂಗಳಲ್ಲಿ, ಅದಕ್ಕೆ ಲಿಂಗಧಾರಣೆ ಮಾಡುವ ಸಂಪ್ರದಾಯವುಂಟು. ಕಣ್ಣು ತೆರೆಯದ, ಹೆಸರಿಡದ, ಗಂಡೋ ಹೆಣ್ಣೋ ತಿಳಿಯದ ಆ ಜೀವವನ್ನು ಗುರುವು ಭಕ್ತನೆಂದು ಒಪ್ಪಿಕೊಳ್ಳುತ್ತಾನೆ. ಆಗ ಆ ತಾಯಿಯ ಒಡಲೇ ಲಿಂಗದ ನೆಲೆ. ಅಂಗೈಯಲ್ಲಿಟ್ಟು ಪೂಜಿಸುವ ಇಷ್ಟಲಿಂಗವನ್ನು ನೋಡಿ ಚಿಕ್ಕದಾಯಿತೆಂದು, ಕಪ್ಪಾಯಿತೆಂದು ಯಾರಾದರೂ ಹೀಯಾಳಿಸುತ್ತಾರೆಯೇ? ಹಾಗಿದ್ದ ಮೇಲೆ ಲಿಂಗ ಕಟ್ಟುವ ಒಡಲನ್ನು ಅಳೆದು ತೂಗಿ ಆಡಿಕೊಳ್ಳುವುದು ಯಾವ ಭಕ್ತಿ?

ಇನ್ನೊಂದು ಸಂಗತಿಯನ್ನೂ ಹಿರಿಯರು ನೆನೆಯಬೇಕು. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನು ಲಿಂಗವಂತರಿಗೆ ಇಲ್ಲವೆಂದು ಶರಣರು ತಳ್ಳಿಹಾಕಿದರು. ಹೆರುವ ಹೆಣ್ಣು ಮೈಲಿಗೆಯೆಂದು ಲೋಕವೆಲ್ಲ ಮೂಲೆಗೆ ಕೂರಿಸುತ್ತಿದ್ದ 12ನೆಯ ಶತಮಾನದಲ್ಲಿ, ಅವಳ ಮೈಗೆ ಮೈಲಿಗೆಯಿಲ್ಲವೆಂದು ಸಾರಿದ ಪರಂಪರೆ ನಮ್ಮದು. ಮಾನವನ ಕಾಯವನ್ನೇ ಶಿವನ ಗುಡಿಯಾಗಿ ಕಂಡವರು ಬಸವಣ್ಣನವರು. ಅಂಥವರ ಮಕ್ಕಳಾದ ನಾವು ಸೂತಕವನ್ನು ಬಾಗಿಲಿಂದ ಆಚೆ ಹಾಕಿ, ಅದನ್ನೇ ನಾಲಗೆಯ ಮೇಲೆ ಕೂರಿಸಿಕೊಂಡರೆ ಏನು ಬಂತು?

"ತಮಾಷೆಗೆ ಅಂದದ್ದು, ನಮಗೂ ನಮ್ಮ ಅತ್ತೆಯರು ಹೀಗೇ ಅನ್ನುತ್ತಿದ್ದರು" ಎಂದು ಅಜ್ಜಿಯರು ಹೇಳಬಹುದು. ನಿಜ, ಅಂದಿದ್ದರು. ಅಂದು ನೀವೂ ಹಿತ್ತಲಿಗೆ ಹೋಗಿ ಸೆರಗಿನಲ್ಲಿ ಕಣ್ಣೊರೆಸಿಕೊಂಡದ್ದು ನೆನಪಿಲ್ಲವೇ? ತಾವು ಉಂಡ ಕಹಿಯನ್ನು ಸೊಸೆಗೂ ಬಡಿಸಬೇಕೆಂಬ ನೇಮ ಯಾವ ಶಾಸ್ತ್ರದಲ್ಲಿಯೂ ಇಲ್ಲ.

ಆ ಮಾತುಗಳಲ್ಲಿ ಹುರುಳಾದರೂ ಇದೆಯೇ ಎಂದರೆ ಅದೂ ಇಲ್ಲ. ಹೊಟ್ಟೆ ದೊಡ್ಡದಾಗಿ ಕಾಣುವುದೂ ಚಿಕ್ಕದಾಗಿ ಕಾಣುವುದೂ ತಾಯಿಯ ಎತ್ತರ, ಮೈಕಟ್ಟು, ಚೊಚ್ಚಲೋ ಎರಡನೆಯದೋ ಎಂಬುದು, ಮಗು ಮಲಗಿರುವ ರೀತಿ, ಇವೆಲ್ಲವನ್ನೂ ಅವಲಂಬಿಸಿದೆ. ಕೂಸು ಸರಿಯಾಗಿ ಬೆಳೆಯುತ್ತಿದೆಯೋ ಇಲ್ಲವೋ ಎಂಬುದನ್ನು ವೈದ್ಯರು ಟೇಪು ಹಿಡಿದು ಅಳೆದು, ತೂಕ, ರಕ್ತದೊತ್ತಡ, ರಕ್ತದ ಪ್ರಮಾಣ ನೋಡಿ ತಾಯಿ ಕಾರ್ಡಿನಲ್ಲಿ ಬರೆಯುತ್ತಾರೆ. ಜಗಲಿಯ ಮೇಲಿಂದ ಅದು ಕಾಣುವುದಿಲ್ಲ. ಮುಖ ಕಪ್ಪಿಡುವುದು ಗರ್ಭಕಾಲದಲ್ಲಿ ದೇಹದ ರಸಗಳು ಬದಲಾಗುವುದರಿಂದ; ಹೆರಿಗೆಯಾದ ಮೇಲೆ ಹೆಚ್ಚಿನವರಿಗೆ ತಾನಾಗಿಯೇ ತಿಳಿಯಾಗುತ್ತದೆ. ಅದಕ್ಕೂ ಗಂಡು ಹೆಣ್ಣಿಗೂ ಸಂಬಂಧವಿಲ್ಲ. ಹುಟ್ಟುವುದು ಗಂಡೋ ಹೆಣ್ಣೋ ಎಂಬುದು ತಂದೆಯ ಬೀಜದಿಂದ ನಿಶ್ಚಯವಾಗುವ ಸಂಗತಿ. ಆ ಭೇದವನ್ನು ಗರ್ಭದಲ್ಲಿಯೇ ಪತ್ತೆ ಮಾಡಿ ತಿಳಿಸುವುದನ್ನು 1994ರ ಕಾಯಿದೆ ಅಪರಾಧವೆಂದಿದೆ. ವೈದ್ಯರೇ ಹೇಳಬಾರದೆಂದು ಸರ್ಕಾರ ಬಾಯಿ ಕಟ್ಟಿರುವಾಗ, ನಾವು ಮುಖ ನೋಡಿ ಭವಿಷ್ಯ ನುಡಿದು ಹುಡುಗಿಯ ನಿದ್ರೆ ಕೆಡಿಸುವುದೇಕೆ?

ಮಾತು ಮೈಗೆ ತಾಗುವುದಿಲ್ಲವೆಂದು ತಿಳಿಯಬೇಡಿ. ದಪ್ಪಗಾದೆ ಎಂದು ಅನ್ನಿಸಿಕೊಂಡವಳು ಅರ್ಧ ಹೊಟ್ಟೆ ಉಣ್ಣುತ್ತಾಳೆ. ಗರ್ಭಿಣಿ ಹತ್ತು ಹನ್ನೆರಡು ಕಿಲೋ ತೂಕ ಏರುವುದು ಸಹಜವೆಂದು ಅವಳಿಗೆ ಹೇಳುವವರು ಬೇಕು. ಬಸುರಿ ಬಾಣಂತಿಯರಿಗೆ ದಿನಕ್ಕೊಂದು ಬಿಸಿಯೂಟ ಸಿಗಲೆಂದು ಮಾತೃಪೂರ್ಣ ಯೋಜನೆ 2017ರಲ್ಲಿ ರಾಜ್ಯದಾದ್ಯಂತ ಆರಂಭವಾಯಿತು. ಒಂದು ಕೊಂಕು ನುಡಿ ಆ ಅನ್ನವನ್ನು ಅವಳ ಬಾಯಿಂದ ಕಸಿಯಬಲ್ಲದು. ಕಾಲು ಊದಿದ್ದಕ್ಕೆ "ಆನೆ ಕಾಲು" ಎಂದು ನಗಿಸಿಕೊಂಡವಳು ಮುಂದೆ ಊತವನ್ನು ಮುಚ್ಚಿಡುತ್ತಾಳೆ. ಸಂಜೆಗೆ ಪಾದ ಸ್ವಲ್ಪ ಊದುವುದು ಸಾಮಾನ್ಯವಾದರೂ, ಮುಖ ಮತ್ತು ಕೈ ಒಮ್ಮೆಗೇ ಊದಿ, ತಲೆನೋವು, ಕಣ್ಣು ಮಂಜು ಕಾಣಿಸಿದರೆ ಅದು ರಕ್ತದೊತ್ತಡ ಏರಿರುವ ಲಕ್ಷಣವಿರಬಹುದು. ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ನಾಚಿಕೆಯಿಂದ ಅವಳು ಹೇಳದೆ ಹೋದರೆ ಎರಡು ಜೀವಕ್ಕೆ ಅಪಾಯ.

ತಾಯಿಯಾಗಲಿರುವ ಮಗಳಿಗೂ ಎರಡು ಮಾತು. ಅಂದವರ ಮೇಲೆ ರೇಗಬೇಡ, ನುಂಗಿಕೊಂಡು ಕೊರಗಲೂ ಬೇಡ. "ಡಾಕ್ಟರಮ್ಮ ನೋಡವ್ರೆ ಅಜ್ಜಿ, ಎಲ್ಲಾ ಸರಿಯಾಗೈತಂತೆ, ನೀವು ಆಶೀರ್ವಾದ ಮಾಡಿ" ಎಂದು ಹೇಳಿ ಮುಂದೆ ನಡೆ. ಆಶೀರ್ವಾದ ಕೇಳಿದವಳಿಗೆ ಕೊಂಕು ನುಡಿಯುವ ಬಾಯಿ ಬಹಳವಿಲ್ಲ. ಆದರೂ ಮನಸ್ಸು ನೊಂದರೆ ಗಂಡನಿಗೋ ತಾಯಿಗೋ ಆಶಾ ಕಾರ್ಯಕರ್ತೆಗೋ ಹೇಳು. ಅಳು ಬಿಡದೆ ಬರುತ್ತಿದ್ದರೆ, ಊಟ ನಿದ್ರೆ ತಪ್ಪಿದರೆ, ಅದನ್ನು ವೈದ್ಯರಿಗೂ ತಿಳಿಸು. ಪೂಜೆಯ ಹೊತ್ತಿಗೆ ಇಷ್ಟಲಿಂಗವನ್ನು ಕರದಲ್ಲಿಟ್ಟು ನೋಡುವಾಗ, ನಿನ್ನ ಒಡಲೂ ಶಿವನ ಮನೆಯೆಂದು ನೆನೆ.

ಆದರೆ ಸಹಿಸುವ ಹೊರೆಯನ್ನೆಲ್ಲ ಆ ಹುಡುಗಿಯ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ಮಾತಿಗೆ ತಡೆ ಹಾಕಬೇಕಾದವರು ಮನೆಯ ಹಿರಿಯರು. ಹೆಂಡತಿಯನ್ನು ಆಡಿಕೊಳ್ಳುವಾಗ ಗಂಡ ನಗಬಾರದು. "ಹಂಗನ್ನಬೇಡಿ" ಎಂಬ ಒಂದು ಮಾತು ಸಾಕು. ಹೊರಗಿನವರು ವಿಚಾರಿಸುವುದನ್ನೇ ಬಿಡಬೇಕೆಂದು ನಾವು ಹೇಳುವುದಿಲ್ಲ. ಹಳ್ಳಿಯ ಸೊಗಸೇ ವಿಚಾರಿಸುವುದರಲ್ಲಿದೆ. "ಊಟ ಸೇರುತ್ತೇನವ್ವ? ರಾತ್ರಿ ನಿದ್ದೆ ಬರುತ್ತಾ? ಬಯಕೆ ಏನಾದರೂ ಐತಾ?" ಎಂದು ಕೇಳಿ ನೋಡಿ, ಅವಳ ಮುಖ ಅರಳುವುದನ್ನು ನೀವೇ ಕಾಣುವಿರಿ.

ಮೊದಲು ಹೇಳಿದ ಮನೆಯ ಸುದ್ದಿ ಮತ್ತೆ ತಿಳಿಯಿತು. ಈಗ ಅತ್ತೆಯೇ ಸೊಸೆಯ ಜೊತೆ ಅಂಗನವಾಡಿಯವರೆಗೆ ನಡೆದು ಹೋಗುತ್ತಾರಂತೆ. ಜಗಲಿಕಟ್ಟೆಯಲ್ಲಿ ಯಾರಾದರೂ ಬಾಯಿ ತೆರೆದರೆ, "ಮುಂದಿನ ತಿಂಗಳು ಲಿಂಗಧಾರಣೆ ಐತೆ, ಬನ್ನಿ" ಎಂದು ಅವರೇ ಉತ್ತರ ಕೊಡುತ್ತಾರಂತೆ. ಸೊಸೆ ಊಟ ಮುಗಿಸಿಯೇ ಮನೆಗೆ ಮರಳುತ್ತಾಳೆ. ಆ ಅತ್ತೆಯ ನಡಿಗೆ ನಮಗೆ ದೊಡ್ಡ ಶಿವಪೂಜೆಯಾಗಿ ಕಂಡಿತು. ಅಂಥ ಅತ್ತೆಯರು ಮನೆಮನೆಯಲ್ಲಿ ಹೆಚ್ಚಲಿ, ಬಸುರಿಯರು ಸುಖವಾಗಿ ಹಡೆಯಲಿ.

ಶರಣು ಶರಣಾರ್ಥಿ.