ಕೊರಳಪಟ್ಟಿಯೋ, ಎದೆಪಟ್ಟಿಯೋ?

ಮುಂಜಾನೆ ಜಯನಗರದ ಅಥವಾ ಮಲ್ಲೇಶ್ವರದ ಯಾವುದೇ ಅಡ್ಡರಸ್ತೆಯಲ್ಲಿ ನಿಂತರೂ ಒಂದು ಮೆರವಣಿಗೆ ಕಣ್ಣಿಗೆ ಬೀಳುತ್ತದೆ: ಮುಂದೆ ನಾಯಿ, ಅದರ ಹಿಂದೆ ಎಳೆಯಿಸಿಕೊಂಡು ಓಡುವ ಯಜಮಾನರು. ಕೊರಳು ಬಿಗಿದು ನಾಯಿಯ ಉಸಿರು ಗೊರಗೊರ ಎನ್ನುತ್ತಿರುತ್ತದೆ. ‘ಅದಕ್ಕೆ ಅಭ್ಯಾಸವಾಗಿದೆ ಬಿಡಿ’ ಎಂದು ಯಜಮಾನರು ನಗುತ್ತಾರೆ. ಅಭ್ಯಾಸವಾಗಿರುವುದು ಯಜಮಾನರಿಗೆ, ನಾಯಿಯ ಗಂಟಲಿಗಲ್ಲ.

ಅಂಗಡಿಯವರು ಬೆಲ್ಟ್ ಎಂದು ಮಾರುವ ಕೊರಳಪಟ್ಟಿ ಶ್ವಾಸನಾಳದ ಮೇಲೆಯೇ ಕುಳಿತುಕೊಳ್ಳುತ್ತದೆ. ಆ ನಾಳವನ್ನು ತೆರೆದಿಟ್ಟಿರುವುದು ಮೃದ್ವಸ್ಥಿಯ ಬಳೆಗಳು. ಪಾಮೆರೇನಿಯನ್‌ನಂಥ ಪುಟ್ಟ ಜಾತಿಗಳಲ್ಲಿ ಈ ಬಳೆಗಳು ಸಡಿಲಗೊಂಡು ನಾಳ ಕುಸಿಯುವುದುಂಟು. ಬಾತುಕೋಳಿ ಕೂಗಿದಂಥ ಒಣಕೆಮ್ಮು ಅದರ ಗುರುತು. ಚಪ್ಪಟೆ ಮೂಗಿನ ಪಗ್ ನಾಯಿಗಂತೂ ಉಸಿರಾಟವೇ ಒಂದು ಪ್ರಯಾಸ, ಕಣ್ಣುಗಳೋ ಹೊರಚಾಚಿದಂಥವು. ಕೊರಳಪಟ್ಟಿಯನ್ನು ಎಳೆದಾಗ ಕಣ್ಣಿನೊಳಗಣ ಒತ್ತಡ ಏರುತ್ತದೆಂದೂ ಎದೆಪಟ್ಟಿಯನ್ನು ಎಳೆದಾಗ ಹಾಗಾಗದೆಂದೂ ಅಮೆರಿಕದ ಪಶುವೈದ್ಯರು 2006ರಲ್ಲಿ ಅಳೆದು ಪ್ರಕಟಿಸಿದ್ದಾರೆ. ಇಂಥ ನಾಯಿಗಳಿಗೆ ಎದೆಪಟ್ಟಿಯೇ ಸರಿ, ಚರ್ಚೆಗೆ ಎಡೆಯಿಲ್ಲ. ಎಳೆದಷ್ಟೂ ಬಿಗಿಯುವ ಉರುಳಿನ ಸರಪಳಿಯಂತೂ ಯಾವ ನಾಯಿಗೂ ಬೇಡ.

ಎದೆಪಟ್ಟಿ, ಅಂದರೆ ಹಾರ್ನೆಸ್, ಎಳೆತವನ್ನು ಕೊರಳಿನಿಂದ ತಪ್ಪಿಸಿ ಎದೆಗೆ ಹಂಚುತ್ತದೆ. ಆದರೆ ಇದರಲ್ಲೊಂದು ತೊಡಕುಂಟು. ಹಿಮನಾಡುಗಳಲ್ಲಿ ಜಾರುಬಂಡಿ ಎಳೆಯುವ ನಾಯಿಗಳಿಗೆ ಕಟ್ಟುವುದೂ ಎದೆಪಟ್ಟಿಯನ್ನೇ. ಹಗ್ಗದ ಬಳೆ ಬೆನ್ನ ಮೇಲಿದ್ದರೆ ಬಲಶಾಲಿಯಾದ ಲ್ಯಾಬ್ರಡಾರ್ ಮತ್ತಷ್ಟು ಆರಾಮವಾಗಿ ಎಳೆಯುತ್ತದೆ; ಹಗ್ಗ ಅಜ್ಜಿಯ ಕೈಯಲ್ಲೋ ಶಾಲೆಯ ಹುಡುಗನ ಕೈಯಲ್ಲೋ ಇದ್ದರೆ ಬೀಳುವುದು ಅವರೇ. ಎದೆಯ ಮುಂಭಾಗದಲ್ಲಿ ಬಳೆಯಿರುವ ಪಟ್ಟಿಯನ್ನು ಕೊಂಡರೆ, ನಾಯಿ ನುಗ್ಗಿದೊಡನೆ ಅದರ ಮೈ ಪಕ್ಕಕ್ಕೆ ತಿರುಗಿ ವೇಗ ತಾನಾಗಿಯೇ ಮುರಿಯುತ್ತದೆ.

ನಮ್ಮ ಮುಧೋಳದ ನಾಯಿಯದು ಬೇರೆಯೇ ಕಥೆ. 2005ರಲ್ಲಿ ಅಂಚೆಚೀಟಿಯ ಮೇಲೆ ಮೆರೆದ ಈ ಬೇಟೆನಾಯಿಯ ತಲೆ ಕಿರಿದು, ಕೊರಳು ನೀಳ. ಹೆದರಿ ಒಮ್ಮೆ ಹಿಂದೆ ಸರಿದರೆ ಸಾಮಾನ್ಯ ಕೊರಳಪಟ್ಟಿ ಕಿವಿಗಳನ್ನು ದಾಟಿ ಕಳಚಿಬಿಡುತ್ತದೆ. ಯಜಮಾನರ ಕೈಯಲ್ಲಿ ಉಳಿಯುವುದು ಖಾಲಿ ಪಟ್ಟಿ. ನಾಯಿ ಆಗಲೇ ಬಸ್ಸು ಲಾರಿಗಳ ನಡುವೆ. ಅದರ ಓಟವನ್ನು ಬೆನ್ನಟ್ಟಿ ಹಿಡಿಯಬಲ್ಲ ಮನುಷ್ಯ ಇನ್ನೂ ಹುಟ್ಟಿಲ್ಲ. ದೀಪಾವಳಿಯ ಪಟಾಕಿಯ ದಿನಗಳಲ್ಲಿ ಈ ಭಯ ಇಮ್ಮಡಿ. ಇಷ್ಟಾದರೂ ಎಲ್ಲ ಎದೆಪಟ್ಟಿಗಳೂ ಇದಕ್ಕೆ ಒಗ್ಗುವುದಿಲ್ಲ: ಎದೆ ಆಳ, ಸೊಂಟ ಸಣ್ಣ, ಹಿಂದಕ್ಕೆ ಜಗ್ಗಿದರೆ ನುಸುಳಿಯೇ ಬಿಡುತ್ತದೆ. ಪಕ್ಕೆಲುಬುಗಳ ಹಿಂದೆ, ಸೊಂಟದ ಬಳಿ ಇನ್ನೊಂದು ಪಟ್ಟಿ ಬರುವಂಥದನ್ನೇ ಇದಕ್ಕೆ ಆರಿಸಬೇಕು.

ಪಟ್ಟಿ ಯಾವುದೇ ಇರಲಿ, ಅದಕ್ಕೂ ಮೈಗೂ ನಡುವೆ ಎರಡು ಬೆರಳು ತೂರುವಷ್ಟು ಎಡೆಯಿರಬೇಕು. ಮುಂಗಾಲುಗಳ ಸಂದಿನಲ್ಲಿ ಉಜ್ಜಿ ಕೂದಲು ಉದುರಿದ್ದರೆ, ಚರ್ಮ ಕೆಂಪಾಗಿದ್ದರೆ, ಅಳತೆ ತಪ್ಪಿದೆಯೆಂದೇ ಅರ್ಥ. ಬೆಳೆಯುವ ಮರಿಗೆ ವಾರಕ್ಕೊಮ್ಮೆ ಸಡಿಲಿಸಿ ನೋಡುವುದು ಒಳಿತು. ಮಳೆಯಲ್ಲಿ ನೆನೆದ ಪಟ್ಟಿಯನ್ನು ಮನೆಗೆ ಬಂದೊಡನೆ ಬಿಚ್ಚಬೇಕು.

ಹಾಗೆಂದು ಕೊರಳಪಟ್ಟಿಯನ್ನು ಕಸದ ಬುಟ್ಟಿಗೆ ಎಸೆಯಬೇಕಾಗಿಲ್ಲ. ಎಳೆಯದೆ ಪಕ್ಕದಲ್ಲಿಯೇ ನಡೆಯಲು ಕಲಿತ ಆರೋಗ್ಯವಂತ ನಾಯಿಗೆ ಅಗಲವಾದ ಸಾದಾ ಪಟ್ಟಿ ಸಾಕು. ಎದೆಪಟ್ಟಿ ತೊಟ್ಟ ನಾಯಿಗೂ ಕೊರಳಲ್ಲೊಂದು ಹಗುರವಾದ ಪಟ್ಟಿ ಇರಲಿ, ಮನೆಯ ದೂರವಾಣಿಯ ಸಂಖ್ಯೆಯ ಬಿಲ್ಲೆಯನ್ನು ಹೊರಲು. ಹಗ್ಗ ಮಾತ್ರ ಎದೆಪಟ್ಟಿಗೆ.

ಹೊಸ ಪಟ್ಟಿಯನ್ನು ತೊಡಿಸಿದ ದಿನವೇ ಬೀದಿಗಿಳಿಯುವುದು ಬೇಡ. ಕಾಂಪೌಂಡಿನ ಗೇಟು ಮುಚ್ಚಿ, ನಾಯಿಯ ಎದುರು ನಿಂತು, ಹಗ್ಗವನ್ನು ಮೆಲ್ಲನೆ ತಮ್ಮತ್ತ ಎಳೆದು, ಅದು ಹಿಂದೆ ಸರಿದಾಗ ಪಟ್ಟಿ ಕಳಚುತ್ತದೆಯೇ ಎಂದು ಅಲ್ಲಿಯೇ ಪರೀಕ್ಷಿಸಿಕೊಳ್ಳಬೇಕು.