ಗುಡಿಬಂಡೆಯ ಮಾವು, ವೆಂಬ್ಲಿಯ ಸೈಕಲ್ಲು

ಮೊದಲೇ ಹೇಳಿಬಿಡ್ತೀನಿ, ಕೋಲ್ಡ್‌ಪ್ಲೇ ಅನ್ನೋ ಬ್ಯಾಂಡಿನ ಹಾಡುಗಳಲ್ಲಿ ನನಗೆ ಗೊತ್ತಿರೋದು ಮೂರೋ ನಾಲ್ಕೋ ಅಷ್ಟೇ. ಆದರೂ 2025ರ ಆಗಸ್ಟಿನಲ್ಲಿ ಮಗಳ ಹಿಂದೆ ವೆಂಬ್ಲಿ ಸ್ಟೇಡಿಯಮ್ಮಿಗೆ ಹೋಗಿದ್ದೆ. ಟಿಕೆಟ್ಟಿಗೆ ದುಡ್ಡು ಕೊಟ್ಟ ಅಪ್ಪನನ್ನು ಬರಬೇಡ ಅನ್ನೋಕೆ ಅವಳಿಗೂ ಬಾಯಿ ಬರಲಿಲ್ಲ ಅಂತ ಕಾಣುತ್ತೆ.

ಒಳಗೆ ಹೋದರೆ ಒಂದು ಕಡೆ ಸಾಲಾಗಿ ಸೈಕಲ್ಲುಗಳು. ಪೆಡಲ್ ತುಳಿದರೆ ಕರೆಂಟು, ಆ ಕರೆಂಟು ಬ್ಯಾಟರಿಗೆ, ಬ್ಯಾಟರಿಯಿಂದ ಕಾರ್ಯಕ್ರಮಕ್ಕೆ. ಇನ್ನೊಂದು ಕಡೆ, ಮೇಲೆ ನಿಂತು ಕುಣಿದರೆ ಕರೆಂಟು ಹುಟ್ಟುವ ನೆಲ. 'ಅಪ್ಪಾ, ನೀನೂ ತುಳಿ' ಅಂದಳು. ತುಳಿದೆ. ಐದೇ ನಿಮಿಷಕ್ಕೆ ಎಡಗಾಲಿನ ಮಂಡಿ ದೂರು ಹೇಳೋಕೆ ಶುರುಮಾಡಿತು, ಇಳಿದುಬಿಟ್ಟೆ. ಕೈಗೆ ಕಟ್ಟಿಕೊಟ್ಟ ಮಿಣುಕು ಪಟ್ಟಿಯನ್ನು ಹೋಗುವಾಗ ವಾಪಸ್ ಕೊಡಬೇಕು. ಯಾವ ಊರಿನವರು ಶೇಕಡಾ ಎಷ್ಟು ವಾಪಸ್ ಕೊಟ್ಟಿದಾರೆ ಅಂತ ಪರದೆ ಮೇಲೆ ಪಟ್ಟಿ ಬೇರೆ! ಥೇಟ್ ನಮ್ಮ ಎಸ್ಸೆಸ್ಸೆಲ್ಸಿ ಫಲಿತಾಂಶದ ಜಿಲ್ಲಾವಾರು ಪಟ್ಟಿ ನೋಡಿದ ಹಾಗಾಯ್ತು.

'ಒಂದೊಂದು ಟಿಕೆಟ್ಟಿಗೂ ಒಂದೊಂದು ಗಿಡ ನೆಡ್ತಾರೆ, ಗೊತ್ತಾ?' ಅಂತ ಮಗಳು ಗಲಾಟೆಯ ನಡುವೆ ನನ್ನ ಕಿವಿಯಲ್ಲಿ ಕೂಗಿದಳು.

ಗೊತ್ತು ಕಣಮ್ಮಾ, ನೀನು ಹುಟ್ಟೋಕೆ ಮುಂಚಿನಿಂದ ಗೊತ್ತು. ಇವರು ಹಿಂದೊಮ್ಮೆ ಗಿಡ ಕೊಟ್ಟಿದ್ದು ನಿನ್ನ ಅಜ್ಜಿಯ ತವರಿನ ಪಕ್ಕದಲ್ಲೇ ಅನ್ನಬೇಕು ಅಂದುಕೊಂಡೆ. ಅಷ್ಟರಲ್ಲಿ ಡ್ರಮ್ಮು ಶುರುವಾಯ್ತು.

ಅಲ್ಲಿ ಹೇಳದೆ ಉಳಿದಿದ್ದನ್ನ ನಿಮಗಾದರೂ ಹೇಳ್ತೀನಿ. ಈ ಬ್ಯಾಂಡಿನ ಎರಡನೇ ಆಲ್ಬಮ್ಮು ಬಂದಿದ್ದು 2002ರಲ್ಲಿ. ಅದನ್ನು ತಯಾರಿಸಿ ಹಂಚುವಾಗ ಹೊರಬಿದ್ದ ಇಂಗಾಲವನ್ನು ಸರಿದೂಗಿಸೋಕೆ ಹತ್ತು ಸಾವಿರ ಮಾವಿನ ಸಸಿ ನೆಡಿಸ್ತೀವಿ ಅಂದರು. ಎಲ್ಲಿ? ನಮ್ಮ ಕರ್ನಾಟಕದಲ್ಲಿ, ಗುಡಿಬಂಡೆ ಸುತ್ತಮುತ್ತ! ಆಗಿನ್ನೂ ಅದು ಕೋಲಾರ ಜಿಲ್ಲೆ, ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆಗಿದ್ದು 2007ರಲ್ಲಿ. ಫ್ಯೂಚರ್ ಫಾರೆಸ್ಟ್ಸ್ ಅನ್ನೋ ಇಲ್ಲಿಯ ಕಂಪನಿ (ಆಮೇಲೆ ಕಾರ್ಬನ್ ನ್ಯೂಟ್ರಲ್ ಕಂಪನಿ ಅಂತ ಹೆಸರು ಬದಲಾಯಿಸಿಕೊಂಡಿತು) ವ್ಯವಹಾರ ನೋಡಿಕೊಂಡಿತು. ಅಭಿಮಾನಿಗಳು 17.50 ಪೌಂಡ್ ಕೊಟ್ಟರೆ ಒಂದು ಸಸಿ ಅವರ ಹೆಸರಿಗೆ, ಜೊತೆಗೊಂದು ಸರ್ಟಿಫಿಕೇಟು.

2006ರಲ್ಲಿ ಇಲ್ಲಿಯ ಟೆಲಿಗ್ರಾಫ್ ಪತ್ರಿಕೆಯವರು ಆ ಹಳ್ಳಿಗಳಿಗೆ ಹೋಗಿ ನೋಡಿ ಬರೆದರು. ಹಂಚಿದ್ದೇ ಸುಮಾರು ಎಂಟು ಸಾವಿರ ಸಸಿ, ಅದರಲ್ಲಿ ಶೇಕಡಾ 40ರಷ್ಟು ಒಣಗಿಹೋಗಿವೆ. ಜಮೀನಿನಲ್ಲಿ ಬಾವಿ ಇದ್ದವರದ್ದು ಒಂದಷ್ಟು ಉಳಿದಿತ್ತು. ಉಳಿದವರು, ನೀರಿಗೆ ಎಲ್ಲಿಗೆ ಹೋಗೋಣ ಅಂತ ಕೇಳಿದ್ದರು.

ಆ ಸುದ್ದಿ ಓದಿದಾಗ ನನಗೆ ನಗು ಬಂತೋ ಸಿಟ್ಟು ಬಂತೋ ಈಗ ನೆನಪಿಲ್ಲ. ಆ ಸೀಮೆ ನೋಡಿದವರಿಗೆ ಗೊತ್ತು. ಉತ್ತರ ಪಿನಾಕಿನಿ ಹತ್ತಿರದ ನಂದಿಬೆಟ್ಟದಲ್ಲೇ ಹುಟ್ಟುತ್ತೆ ಅಂತ ಹೆಮ್ಮೆ ಪಡಬಹುದು, ಆದರೆ ವರ್ಷದ ಬಹುಪಾಲು ನೋಡೋಕೆ ಸಿಗೋದು ಬರೀ ಮರಳು. ಮಳೆ ಬಂದರೆ ಕೆರೆ, ಇಲ್ಲದಿದ್ದರೆ ಬೋರ್‌ವೆಲ್ಲು, ಅದೂ ಸಾವಿರ ಅಡಿ ಕೊರೆಸಿದರೆ ನಿಮ್ಮ ಪುಣ್ಯ. ಚಿಕ್ಕವನಿದ್ದಾಗ ಬೇಸಿಗೆ ರಜೆಗೆ ಹೋದರೆ ನಮಗೆ ಸ್ನಾನ ಎರಡು ದಿನಕ್ಕೊಮ್ಮೆ. ನಮಗೆ ಆಗ ಅದೇ ಖುಷಿ, ಬಿಡಿ.

ಹಾಗಂತ ಈ ಹೆಸರುವಾಸಿಗಳನ್ನ ಆಡಿಕೊಳ್ಳೋಕೆ ನಾನು ಕೂತಿಲ್ಲ. ಆ ಆಟ ಬಹಳ ಸುಲಭ. 2007ರ ಫೆಬ್ರವರಿಯಲ್ಲಿ ಅಲ್ ಗೋರ್ ಅವರ ಸಾಕ್ಷ್ಯಚಿತ್ರಕ್ಕೆ ಆಸ್ಕರ್ ಬಂದ ಮಾರನೇ ದಿನವೇ, ಅವರ ಮನೆಯ ಕರೆಂಟು ಬಿಲ್ಲು ಉಳಿದ ಅಮೆರಿಕನ್ನರ ಇಪ್ಪತ್ತು ಪಟ್ಟು ಅಂತ ಒಂದು ಸಂಸ್ಥೆ ಡಂಗುರ ಹೊಡೆಯಿತು. ಗ್ರೇತಾ ಥನ್‌ಬರ್ಗ್ 2019ರಲ್ಲಿ ಪ್ಲಿಮತ್‌ನಿಂದ ನ್ಯೂಯಾರ್ಕಿಗೆ ಹಾಯಿದೋಣಿಯಲ್ಲಿ ಹೋದಳು, ಹದಿನೈದು ದಿನ ಅಟ್ಲಾಂಟಿಕ್ಕಿನ ಮೇಲೆ. ಪತ್ರಿಕೆಯವರು ಹಿಡಿದುಕೊಂಡಿದ್ದು ಏನನ್ನ? ದೋಣಿ ವಾಪಸ್ ತರೋಕೆ ಬೇರೆಯವರು ವಿಮಾನದಲ್ಲಿ ಹೋಗಬೇಕಂತೆ ಅನ್ನೋದನ್ನ. ಹದಿನಾರು ವರ್ಷದ ಹುಡುಗಿ ಮೇಲೆ ಇಷ್ಟು ಪತ್ತೇದಾರಿಕೆ! ವರ್ಷಕ್ಕೊಮ್ಮೆ ಲಂಡನ್ನಿನಿಂದ ಬೆಂಗಳೂರಿಗೆ ಎಂಟು ಸಾವಿರ ಕಿಲೋಮೀಟರ್ ಹಾರಿ, ಅಷ್ಟೇ ದೂರ ವಾಪಸ್ ಹಾರೋ ನಾನು ಯಾವ ಬಾಯಲ್ಲಿ ಮಾತಾಡಲಿ?

ಕೋಲ್ಡ್‌ಪ್ಲೇಯವರು ಆಮೇಲೆ ಸ್ವಲ್ಪ ಬುದ್ಧಿ ಕಲಿತರು ಅಂತಲೇ ನನ್ನ ಅಭಿಪ್ರಾಯ. 2019ರಲ್ಲಿ, ಪರಿಸರಕ್ಕೆ ಹಾನಿ ಆಗದ ದಾರಿ ಸಿಗೋವರೆಗೆ ಪ್ರವಾಸವೇ ಬೇಡ ಅಂದರು. ಹೊಸ ಆಲ್ಬಮ್ಮನ್ನ ಜೋರ್ಡಾನಿನ ಅಮ್ಮಾನ್‌ನಲ್ಲಿ ನುಡಿಸಿ ಯೂಟ್ಯೂಬಿನಲ್ಲಿ ತೋರಿಸಿದರು. 2022ರಲ್ಲಿ ಸೈಕಲ್ಲು, ಕುಣಿಯೋ ನೆಲ, ಬ್ಯಾಟರಿ ಎಲ್ಲಾ ಕಟ್ಟಿಕೊಂಡು ಮತ್ತೆ ಹೊರಟರು. 2016-17ರ ಪ್ರವಾಸಕ್ಕೆ ಹೋಲಿಸಿದರೆ ಪ್ರತಿ ಕಾರ್ಯಕ್ರಮದ ಇಂಗಾಲ ಶೇಕಡಾ 59 ಕಡಿಮೆಯಾಗಿದೆ ಅಂತ 2024ರಲ್ಲಿ ಲೆಕ್ಕ ಕೊಟ್ಟರು. ಅದು ಕಾರ್ಯಕ್ರಮದ ಏರ್ಪಾಡು, ಸಾಮಾನು ಸಾಗಾಟ, ಅವರ ಮತ್ತು ಸಿಬ್ಬಂದಿಯ ಓಡಾಟದ ಲೆಕ್ಕ. ನನ್ನಂಥ ಪ್ರೇಕ್ಷಕರು ಹೇಗೆ ಬಂದರು ಅನ್ನೋದು ಅದರಲ್ಲಿಲ್ಲ. ಇರಲಿ, ಲೆಕ್ಕ ಅಂತ ಒಂದು ಇಟ್ಟರಲ್ಲ. ಜೊತೆಗೆ ಅದೇ ವರದಿಯಲ್ಲಿ, ಎಪ್ಪತ್ತು ಲಕ್ಷ ಗಿಡ ನೆಟ್ಟಾಯ್ತು ಅಂತಲೂ ಇತ್ತು.

ನನಗೆ ಗಂಟಲಲ್ಲಿ ಸಿಕ್ಕಿಕೊಳ್ಳೋದು ಈ 'ನೆಟ್ಟಾಯ್ತು' ಅನ್ನೋ ಮಾತೇ.

ನಮ್ಮಲ್ಲೂ ಗಿಡದಿಂದಲೇ ಹೆಸರು ಮಾಡಿದವರು ಒಬ್ಬರಿದ್ದರಲ್ಲ, ಸಾಲುಮರದ ತಿಮ್ಮಕ್ಕ. ಹುಲಿಕಲ್ಲಿನಿಂದ ಕುದೂರಿನವರೆಗೆ 385 ಆಲದ ಮರ. ಆ ಸಂಖ್ಯೆ ಎಲ್ಲರಿಗೂ ಬಾಯಿಪಾಠ. ಆದರೆ ಮೊದಲ ವರ್ಷ ಅವರೂ ಯಜಮಾನರು ಚಿಕ್ಕಯ್ಯನವರೂ ನೆಟ್ಟಿದ್ದು ಬರೀ ಹತ್ತು! ಮಾರನೇ ವರ್ಷ ಹದಿನೈದು, ಆಮೇಲೆ ಇಪ್ಪತ್ತು. ಮಳೆಗಾಲದಲ್ಲಿ ನೆಡೋದು, ದನ ತಿನ್ನದ ಹಾಗೆ ಮುಳ್ಳು ಕಟ್ಟೋದು, ಕೂಲಿ ಮುಗಿಸಿ ಬಿಂದಿಗೆಯಲ್ಲಿ ನೀರು ಹೊರೋದು. ಎಷ್ಟಕ್ಕೆ ನೀರು ಹೊರೋಕಾಗುತ್ತೋ ಅಷ್ಟೇ ನೆಟ್ಟರು ಅಂತ ನಾನು ಅರ್ಥ ಮಾಡಿಕೊಂಡಿದೀನಿ. 2019ರಲ್ಲಿ ಪದ್ಮಶ್ರೀ ತಗೊಳ್ಳುವಾಗ ರಾಷ್ಟ್ರಪತಿಗಳ ತಲೆ ಮುಟ್ಟಿ ಆಶೀರ್ವಾದ ಮಾಡಿದ ಚಿತ್ರ ಎಲ್ಲರೂ ನೋಡಿದ್ದೇವೆ. ಅದಾದ ಮೂರೇ ತಿಂಗಳಿಗೆ ಅದೇ ಅಜ್ಜಿ ಮುಖ್ಯಮಂತ್ರಿಗಳಿಗೆ ಮೊರೆ ಇಡಬೇಕಾಯ್ತು, ರಸ್ತೆ ಅಗಲ ಮಾಡೋಕೆ ನನ್ನ ಮರ ಕಡಿಯಬೇಡಿ ಅಂತ. ಯಾವ ರಸ್ತೆ ಅಂತೀರಾ? ಬಾಗೇಪಲ್ಲಿಯಿಂದ ಹಲಗೂರಿಗೆ ಹೋಗೋದು. ನಮ್ಮ ಗುಡಿಬಂಡೆಯ ನೆರೆಯ ಬಾಗೇಪಲ್ಲಿಯೇ! ಕಡಿಯೋದಿಲ್ಲ ಅಂತ ಸರ್ಕಾರ ಮಾತು ಕೊಟ್ಟಿತು. 2025ರ ನವೆಂಬರ್ 14ರಂದು ತಿಮ್ಮಕ್ಕ ತೀರಿಕೊಂಡ ಸುದ್ದಿ ಬಂದಾಗ ಮಗಳಿಗೆ ಇದನ್ನೆಲ್ಲಾ ಹೇಳಿದೆ. ಮಾವಿನ ಗಿಡದ ಕಥೆಯನ್ನೂ ಆವತ್ತೇ ಹೇಳಿ ಮುಗಿಸಿದೆ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಹಾಗಾದ್ರೆ ನಮ್ಮಿಬ್ಬರ ಗಿಡಕ್ಕೆ ಯಾರು ನೀರು ಹಾಕ್ತಿದಾರೆ?' ಅಂದಳು.

ಉತ್ತರ ಇರಲಿಲ್ಲ. ಆ ಭಾನುವಾರ ಊರಿನ ಸೋದರಮಾವನಿಗೆ ಫೋನು ಮಾಡಿದೆ. ಕೋಲ್ಡ್‌ಪ್ಲೇ ಅಂದರೆ, 'ಕೋಲ್ಡ್ ಸ್ಟೋರೇಜಾ? ಅದು ಬಂದ್ರೆ ಟೊಮೇಟೊಗೆ ಒಳ್ಳೇದಪ್ಪಾ' ಅಂದರು. ಮಾವಿನ ಸಸಿ ವಿಷಯ ಎತ್ತಿದೆ. 'ನೆಡೋದೇನು ಅಳಿಯಾ, ಒಂದಿನದ್ ಕೆಲ್ಸ. ಮೂರ್ ಬೇಸ್ಗೆ ದಾಟಿಸ್ಬೇಕಲ್ಲಾ. ದಾಟಿದ್ರೆ ಆಮೇಲೆ ಅದೇ ನಮ್ಮನ್ನ ಸಾಕ್ತದೆ.'

ವಿಮಾನದ ಟಿಕೆಟ್ ಬುಕ್ ಮಾಡುವಾಗ ಕೊನೆಯಲ್ಲೊಂದು ಚೌಕ ಬರುತ್ತೆ ನೋಡಿ, ಇಷ್ಟು ಪೌಂಡ್ ಕೊಟ್ಟರೆ ನಿಮ್ಮ ಇಂಗಾಲ ಸರಿದೂಗಿಸ್ತೀವಿ ಅಂತ. ಇಷ್ಟು ವರ್ಷ ಅದನ್ನ ಒತ್ತಿ ನೆಮ್ಮದಿಯಾಗಿ ನಿದ್ದೆ ಮಾಡಿದವನು ನಾನು. ಈ ಸಲ ಬುದ್ಧಿವಂತಿಕೆ ಮಾಡೋಣ ಅಂತ, 'ಮಾವ, ಆ ದುಡ್ಡು ನಿಮಗೇ ಕಳಿಸ್ತೀನಿ, ಹೊಲದ ಬದುವಿನಲ್ಲಿ ನಾಲ್ಕು ಮಾವು ಹಾಕಿ' ಅಂದೆ.

'ದುಡ್ಡೇನ್ ಬ್ಯಾಡ. ಮಾರ್ಚಿಂದ ಮೇವರೆಗೂ ಬಂದು ಇರು, ನೀರ್ ಹೊರೋವಂತೆ' ಅಂದರು.

ಮೇ ತಿಂಗಳಲ್ಲಿ ಒಂದು ವಾರ ಮಾತ್ರ ರಜೆ ಸಿಗುತ್ತೆ ಅಂದೆ. ಮಾವ ನಕ್ಕು, ಅತ್ತೆಗೆ ಫೋನು ಕೊಟ್ಟರು.